ನೀರು ಬದಲಿಸಿದ ಮೇಲೆ ಮೀನು ಸತ್ತರೆ: ಕಾರಣ ಹಿಡಿಯುವುದು ಹೇಗೆ, ತಪ್ಪಿಸುವುದು ಹೇಗೆ

ನೀರು ಬದಲಿಸಿದ ಮೇಲೆ ಮೀನು ಸತ್ತರೆ ಮೊದಲು ನೋಡಬೇಕಾದ್ದು ಗಡಿಯಾರ. ಹೊಸ ನೀರು ಬಿದ್ದು ಎಷ್ಟು ಹೊತ್ತಿಗೆ ಮೀನು ಒದ್ದಾಡಲು ಶುರುಮಾಡಿತು ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಐದು ನಿಮಿಷದಿಂದ ಎರಡು ಗಂಟೆಯೊಳಗೆ ಆಗಿದ್ದರೆ ಕ್ಲೋರಿನ್, ಬಕೆಟ್‌ನಲ್ಲಿ ಉಳಿದ ಸೋಪು, ಜಲ್ಲಿಯ ಅಡಿಯಿಂದ ಎದ್ದ ವಿಷಗಾಳಿ, ಇಲ್ಲವೇ ನೀರಿನ ಬಿಸಿ-ತಂಪಿನ ಹೊಡೆತ. ಎರಡು ಗಂಟೆ ದಾಟಿ ಮರುದಿನದೊಳಗೆ ಆಗಿದ್ದರೆ ಪಿಎಚ್ (ನೀರಿನ ಹುಳಿ-ಕ್ಷಾರ ಗುಣದ ಅಳತೆ) ಏರಿ, ಮೀನಿನ ಗಲೀಜಿನಿಂದ ಬರುವ ಅಮೋನಿಯಾ ವಿಷವಾಗಿದೆ, ಅಥವಾ ನೀರಿನ ಲವಣಾಂಶ ಒಮ್ಮೆಲೇ ಬದಲಾಗಿದೆ. ಎರಡು ಮೂರು ದಿನ ಚೆನ್ನಾಗಿಯೇ ಇದ್ದು ಆಮೇಲೆ ಒಂದೊಂದಾಗಿ ಹೋಗತೊಡಗಿದರೆ ಫಿಲ್ಟರ್‌ನ ಬ್ಯಾಕ್ಟೀರಿಯಾ ಸತ್ತಿದೆ ಎಂದು ಅನುಮಾನಿಸಿ. ವಾರದ ಹೊತ್ತಿಗೆ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದರೆ, ತಣ್ಣೀರಿನ ಹೊಡೆತಕ್ಕೆ ಸೊರಗಿದ ಮೀನಿಗೆ ಇಕ್ ಎಂಬ ಪರೋಪಜೀವಿ ರೋಗ ಹತ್ತಿದೆ.

ಅಂಗಡಿಯಲ್ಲಿ ಕೇಳಿದರೆ "ನೀರು ಸೆಟ್ ಆಗಿಲ್ಲ" ಅನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಅಷ್ಟರಿಂದ ಮುಂದಿನ ಸಲ ಮೀನು ಉಳಿಯುವುದಿಲ್ಲ. ಬಹುಪಾಲು ಸಾವುಗಳ ಹಿಂದೆ ಇರುವುದು ಟ್ಯಾಂಕಿನ ಹಳೆ ನೀರಿಗೂ ಬಕೆಟ್‌ನ ಹೊಸ ನೀರಿಗೂ ನಡುವಿನ ಅಂತರ. ಆ ಅಂತರವನ್ನು ನೀರು ಸುರಿಯುವ ಮೊದಲೇ ಅಳೆಯಬಹುದು.

ಇಲ್ಲಿ ಬರುವ ಲೆಕ್ಕವೆಲ್ಲ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ. ಅಳತೆಯ ಪ್ರಕಾರ 56 ಲೀಟರ್ ಆಗುತ್ತದಾದರೂ ಜಲ್ಲಿ, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ ಇರುವ ನೀರು 45 ಲೀಟರ್ ಆಸುಪಾಸು. ನಿಮ್ಮ ಟ್ಯಾಂಕ್ ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ಕ್ಲೋರಿನ್

ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಕ್ಲೋರಿನ್ ಸೇರಿಸಿಕೊಂಡು, ಸುಮಾರು 100 ಕಿ.ಮೀ. ಪೈಪಿನಲ್ಲಿ ಸಾಗಿ ಮನೆಗೆ ಬರುತ್ತದೆ. ದಾರಿಯಲ್ಲಿ ರೋಗಾಣು ಬೆಳೆಯಬಾರದೆಂದು ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ನಮ್ಮನ್ನು ಕಾಯುವ ಆ 0.2 ಮಿಲಿಗ್ರಾಂ, ಮೀನಿನ ಕಿವಿರು ಸುಡಲು ಸಾಕಾಗುವಷ್ಟೇ ಇದೆ. ಪೈಪ್ ರಿಪೇರಿಯ ಮರುದಿನ, ಮಳೆಗಾಲದಲ್ಲಿ ನೀರು ಕದಡಿದಾಗ, ಕ್ಲೋರಿನ್ ಪ್ರಮಾಣ ಇದಕ್ಕಿಂತ ಹೆಚ್ಚಿರಬಹುದು. ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಟ್ಯಾಂಕ್ ಪೂರ್ತಿ ಸತ್ತರೆ ಇದನ್ನೇ ಮೊದಲು ಅನುಮಾನಿಸಬೇಕು. ಅಪಾರ್ಟ್‌ಮೆಂಟ್‌ನವರು ಇನ್ನೊಂದು ಮಾತು ಕೇಳಿಕೊಳ್ಳಬೇಕು: ಸಂಪ್ ಅಥವಾ ಓವರ್‌ಹೆಡ್ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾವತ್ತು? ವಾಚ್‌ಮನ್‌ಗೆ ಗೊತ್ತಿರುತ್ತದೆ. ಅದಾಗಿ ನಾಲ್ಕೈದು ದಿನ ಮೀನಿನ ನೀರು ಮುಟ್ಟದಿರುವುದು ಒಳ್ಳೆಯದು.

ಕ್ಲೋರಿನ್ ತಗುಲಿದ ಮೀನು ಮೊದಲು ಗಾಬರಿಬಿದ್ದು ಅತ್ತಿತ್ತ ನುಗ್ಗುತ್ತದೆ, ಮೈಯನ್ನು ಕಲ್ಲಿಗೆ ಉಜ್ಜುತ್ತದೆ, ಆಮೇಲೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತದೆ. ಮೈಮೇಲೆ ಮಂಜು ಕವಿದಂತೆ ಲೋಳೆ ಕಾಣಿಸುತ್ತದೆ.

ಇದಕ್ಕೆ ಮದ್ದು ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಮಾರುವ ಹರಳು ಸಾಮಾನ್ಯವಾಗಿ ಇದೇ. ನೋಡಲು ಕಲ್ಲುಸಕ್ಕರೆಯ ಚೂರಿನಂತಿರುತ್ತದೆ. "ಒಂದು ಚಿಟಿಕೆ ಹಾಕಿ" ಅನ್ನುವ ಲೆಕ್ಕವನ್ನು ನಂಬಬೇಡಿ, ದ್ರಾವಣ ಮಾಡಿಟ್ಟುಕೊಳ್ಳಿ. 10 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿ, ಕಂದು ಬಣ್ಣದ ಔಷಧಿ ಬಾಟಲಿಯಲ್ಲಿ ಬಿಸಿಲು ತಾಗದ ಕಡೆ ಇಡಿ. 10 ಲೀಟರ್ ಹೊಸ ನೀರಿಗೆ ಈ ದ್ರಾವಣ 1 ಮಿ.ಲೀ. ಹಾಕಿದರೆ, ಲೀಟರಿಗೆ 1.4 ಮಿಲಿಗ್ರಾಂವರೆಗಿನ ಕ್ಲೋರಿನ್ ಕ್ಷಣದಲ್ಲಿ ಹೋಗುತ್ತದೆ. ಬಕೆಟ್ ಹತ್ತಿರ ಬಗ್ಗಿದಾಗಲೇ ಬ್ಲೀಚಿಂಗ್ ಪೌಡರ್ ವಾಸನೆ ಹೊಡೆದರೆ 2 ಮಿ.ಲೀ. ಹಾಕಿ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದರೆ ತಪ್ಪುವುದಿಲ್ಲ. ದ್ರಾವಣ ಕದಡಿ ತಳದಲ್ಲಿ ಬಿಳಿ-ಹಳದಿ ಗಸಿ ಕೂತಿದ್ದರೆ ಅದು ಕೆಟ್ಟಿದೆ, ಚೆಲ್ಲಿ ಹೊಸದು ಮಾಡಿ. ಬಕೆಟ್ ಇಲ್ಲದೆ ಪೈಪಿನಿಂದ ನೇರ ಟ್ಯಾಂಕಿಗೇ ನೀರು ಬಿಡುವವರು ಹೊಸ ನೀರಿನ ಲೆಕ್ಕಕ್ಕಲ್ಲ, ಇಡೀ ಟ್ಯಾಂಕಿನ ಲೆಕ್ಕಕ್ಕೆ, ಅಂದರೆ ನಮ್ಮ 45 ಲೀಟರಿಗೆ 4.5 ಮಿ.ಲೀ., ನೀರು ಬಿಡುವ ಮೊದಲೇ ಹಾಕಬೇಕು.

ರಾತ್ರಿಯಿಡೀ ಬಕೆಟ್‌ನಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ ಅನ್ನುವುದು ಅರ್ಧ ನಿಜ. ಅಗಲ ಬಾಯಿಯ ಬಕೆಟ್, ಮುಚ್ಚಳ ಇಲ್ಲ, ಒಳಗೆ ಏರ್ ಸ್ಟೋನ್ ಗುಳುಗುಳಿಸುತ್ತಿದೆ ಎಂದಾದರೆ 24 ಗಂಟೆಯಲ್ಲಿ ಹೋಗುತ್ತದೆ. ಕಿರಿದಾದ ಕ್ಯಾನಿನಲ್ಲಿ ಮುಚ್ಚಳ ಹಾಕಿಟ್ಟರೆ ಹೋಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಇನ್ನೂ ಎಚ್ಚರವಾಗಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಿಂದ, ಸಿಂಗಪುರದಲ್ಲೂ, ನೀರಿಗೆ ಸೇರಿಸುವುದು ಕ್ಲೋರಮಿನ್, ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ವಸ್ತು. ಅದು ಬಕೆಟ್‌ನಲ್ಲಿಟ್ಟ ಮಾತ್ರಕ್ಕೆ ಒಂದೆರಡು ದಿನದಲ್ಲಿ ಹಾರಿಹೋಗುವುದಿಲ್ಲ. ಥಯೋಸಲ್ಫೇಟ್ ಹಾಕಿದರೆ ಒಡೆಯುತ್ತದೆ, ಆದರೆ ಒಡೆದಾಗ ಅಮೋನಿಯಾ ಬಿಡುತ್ತದೆ. ಅಲ್ಲಿ ಕ್ಲೋರಮಿನ್ ಮತ್ತು ಅಮೋನಿಯಾ ಎರಡನ್ನೂ ನಿಭಾಯಿಸುತ್ತದೆ ಎಂದು ಲೇಬಲ್‌ನಲ್ಲಿ ಬರೆದಿರುವ ಕಂಡಿಷನರನ್ನೇ (ನೀರು ಹದಗೊಳಿಸುವ ಔಷಧಿ) ಕೊಳ್ಳಬೇಕು.

ನೀರಿನ ಮೂಲ ಬದಲಾಗಿದೆಯೇ?

ಈ ಪ್ರಶ್ನೆ ಯಾರೂ ಕೇಳಿಕೊಳ್ಳುವುದಿಲ್ಲ, ಏಕೆಂದರೆ ನಲ್ಲಿ ಅದೇ, ಬಕೆಟ್ ಅದೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಬಡಾವಣೆಗಳಿಗೆ ಬಡಾವಣೆಗಳೇ ಟ್ಯಾಂಕರ್ ನೀರಿಗೆ ಹೋದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳ ಕಡೆಗೆ ನದಿ ನೀರು ಬಂತು. ವರ್ಷಗಟ್ಟಲೆ ಗಡಸು ಬೋರ್ ನೀರಿಗೆ ಒಗ್ಗಿದ ಮೀನಿನ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮೆದು ನೀರು ಬಿದ್ದರೆ, ಮೈಯೊಳಗಿನ ಲವಣ ಮತ್ತು ನೀರಿನ ಸಮತೋಲ ಕಾಯ್ದುಕೊಳ್ಳಲು ಅದರ ಕಿವಿರು ಮತ್ತು ಮೂತ್ರಪಿಂಡಕ್ಕೆ ಸಮಯವೇ ಸಿಗುವುದಿಲ್ಲ. ಅಪಾರ್ಟ್‌ಮೆಂಟ್ ಸಂಪಿನಲ್ಲಂತೂ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಕೂಡಿರುತ್ತವೆ, ಪ್ರಮಾಣ ದಿನಕ್ಕೊಂದು.

ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, ಅಳೆಯುವ ಪೆನ್ನಿನಂಥ ಮೀಟರ್ ಒಂದಿದ್ದರೆ ಇದು ಹತ್ತು ಸೆಕೆಂಡಿನ ಕೆಲಸ. ಟ್ಯಾಂಕಿನಲ್ಲಿ 900 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಬಕೆಟ್‌ನಲ್ಲಿ 200 ಬಂತು ಅಂತಿಟ್ಟುಕೊಳ್ಳಿ. ಕಾಲು ಭಾಗ ಬದಲಿಸಿದರೆ ಟ್ಯಾಂಕ್ 725ಕ್ಕೆ ಇಳಿಯುತ್ತದೆ. ಗಟ್ಟಿ ಮೀನು ಇದನ್ನು ತಡೆದುಕೊಳ್ಳುತ್ತದೆ. ಅರ್ಧ ಬದಲಿಸಿದರೆ 550, ಪೂರ್ತಿ ಬದಲಿಸಿದರೆ 200. ಒಂದು ಸಲಕ್ಕೆ ಟ್ಯಾಂಕಿನ ಟಿಡಿಎಸ್ ಐದರಲ್ಲೊಂದು ಪಾಲಿಗಿಂತ ಹೆಚ್ಚು ಅಲುಗಾಡದಂತೆ ನೋಡಿಕೊಳ್ಳಿ. ಅಂತರ ಜಾಸ್ತಿಯಿದ್ದರೆ ದಿನಕ್ಕೆ ಹತ್ತರಲ್ಲೊಂದು ಪಾಲಿನಂತೆ ವಾರ ಹತ್ತು ದಿನ ತೆಗೆದುಕೊಂಡು ದಾಟಿಸಿ.

ಒಳ್ಳೆಯ ನೀರು ಕೊಡಬೇಕೆಂದು ಆರ್‌ಒ ನೀರನ್ನೇ ಪೂರ್ತಿ ತುಂಬುವವರಿದ್ದಾರೆ. ಕಾಳಜಿ ದೊಡ್ಡದು, ಆದರೆ ಆ ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಬೈಕಾರ್ಬನೇಟ್, ಅಂದರೆ ಕೆಎಚ್, ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವೇ ವಾರದಲ್ಲಿ ಪಿಎಚ್ ಕುಸಿಯುತ್ತದೆ. ನಲ್ಲಿ ನೀರಿಗೆ ಬೆರೆಸಿಯೇ ಬಳಸಿ. ಕರಾವಳಿಯ ಮುರಕಲ್ಲು ಬಾವಿಯ ನೀರಿನ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ, ಮೆದು ಮತ್ತು ಹುಳಿ ಗುಣದ್ದು. ಬೆಂಗಳೂರಿನ ಅಂಗಡಿಯಿಂದ ಉಡುಪಿಗೆ ಒಯ್ದ ಮೀನನ್ನು ಹನಿಹನಿಯಾಗಿ ಒಗ್ಗಿಸದೆ ಬಿಟ್ಟರೆ ಉಳಿಯುವುದು ಕಷ್ಟ. ವಿಜಯಪುರ, ರಾಯಚೂರು ಕಡೆಯ ಗಡಸು ಬೋರ್ ನೀರು ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ ಮೋಲಿ, ಗಪ್ಪಿ ಸುಖವಾಗಿರುತ್ತವೆ, ನಿಯಾನ್ ಟೆಟ್ರಾ ಸೊರಗುತ್ತದೆ.

ಬೋರ್ ನೀರಿನ ಇನ್ನೊಂದು ಮೋಸ ಪಿಎಚ್‌ನಲ್ಲಿದೆ. ಭೂಮಿಯ ಆಳದಿಂದ ಬರುವ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಬಂದ ಕೂಡಲೇ ಅಳೆದರೆ ಪಿಎಚ್ 7 ತೋರಿಸಬಹುದು. ಆ ಅನಿಲ ಹೊರಟುಹೋದ ಮೇಲೆ, ಮರುದಿನ, ಅದೇ ನೀರು 8 ದಾಟಬಹುದು. ನೀವು ಹೊಂದಿಸಿದ್ದು 7ಕ್ಕೆ, ಮೀನು ರಾತ್ರಿ ಕಂಡದ್ದು 8. ಆದ್ದರಿಂದ ಬೋರ್ ನೀರಿನ ಪಿಎಚ್ ಅಳೆಯುವುದು 24 ಗಂಟೆ ಏರ್ ಸ್ಟೋನ್ ಹಾಕಿಟ್ಟ ಮೇಲೆ ಮಾತ್ರ.

ನೀರು ತುಂಬಿದ ಹತ್ತು ನಿಮಿಷಕ್ಕೆ ಗಾಜಿಗೆ, ಎಲೆಗೆ, ಫಿಲ್ಟರ್ ಪೈಪಿಗೆ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಅಂಟಿಕೊಂಡಿದ್ದನ್ನು ನೋಡಿರುತ್ತೀರಿ. ಚೆಂದ ಕಾಣುತ್ತದೆ, ಆದರೆ ಒತ್ತಡದಲ್ಲಿ ಬಂದ ನೀರಿನಲ್ಲಿ ಗಾಳಿ ಅತಿಯಾಗಿ ಕರಗಿತ್ತು ಅನ್ನುವುದಕ್ಕೆ ಅದೇ ಗುರುತು. ಅದೇ ಗುಳ್ಳೆ ಮೀನಿನ ರಕ್ತದಲ್ಲೂ ಏಳಬಹುದು. ಈಜುರೆಕ್ಕೆಯ ಪೊರೆಯೊಳಗೆ, ಕಣ್ಣಿನ ಸುತ್ತ ಗುಳ್ಳೆ ಕಂಡರೆ ಏರ್ ಪಂಪ್ ಜೋರು ಮಾಡಿ, ಮೇಲ್ಮೈ ಅಲುಗಾಡುವಂತೆ ಇಡಿ.

ತಿಂಗಳುಗಟ್ಟಲೆ ಮುಟ್ಟದ ಟ್ಯಾಂಕ್

ಹೆಚ್ಚು ಮೀನು ಸಾಯುವುದು ಇಲ್ಲಿ, ಮತ್ತು ಹೆಚ್ಚು ನೋವಾಗುವುದೂ ಇಲ್ಲಿ. ಆರು ತಿಂಗಳು ನೀರು ಬದಲಿಸದೆ ಬರೀ ಆವಿಯಾದಷ್ಟು ಸುರಿಯುತ್ತಿದ್ದಾಗ ಬದುಕಿದ್ದ ಮೀನು, ಒಂದು ಭಾನುವಾರ ಪ್ರೀತಿಯಿಂದ ಟ್ಯಾಂಕ್ ತೊಳೆದ ಮರುದಿನ ಸಾಯುತ್ತದೆ. ಆಗ ಮನೆಯವರು "ನೀರು ಬದಲಿಸಲೇಬಾರದು" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಒಳಗೆ ನಡೆದದ್ದು ಇದು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಫಿಲ್ಟರ್‌ನ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾಡುತ್ತದೆ. ಈ ಕೆಲಸದಲ್ಲಿ ಆಮ್ಲ ಹುಟ್ಟಿ, ಕೆಎಚ್ ಸ್ವಲ್ಪಸ್ವಲ್ಪವೇ ಖರ್ಚಾಗುತ್ತದೆ. ಕೆಎಚ್ ಮುಗಿದ ದಿನ ಪಿಎಚ್ 6ರ ಹತ್ತಿರಕ್ಕೆ ಇಳಿದು ಬ್ಯಾಕ್ಟೀರಿಯಾದ ಕೆಲಸವೂ ಹೆಚ್ಚುಕಡಿಮೆ ನಿಲ್ಲುತ್ತದೆ, ಅಮೋನಿಯಾ ಕೂಡುತ್ತಾ ಹೋಗುತ್ತದೆ. ಮೀನು ಸಾಯುವುದಿಲ್ಲ, ಏಕೆಂದರೆ ಅಷ್ಟು ಕಡಿಮೆ ಪಿಎಚ್‌ನಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ಎಂಬ ನಿರಪಾಯ ರೂಪದಲ್ಲಿರುತ್ತದೆ.

ಲೆಕ್ಕ ಹಾಕಿ ನೋಡಿ. ಒಟ್ಟು ಅಮೋನಿಯಾ 4 ಪಿಪಿಎಂ, ಪಿಎಚ್ 6, ನೀರು 25 ಡಿಗ್ರಿ. ವಿಷರೂಪದ ಪಾಲು ಶೇ. 0.06, ಅಂದರೆ ಸುಮಾರು 0.002 ಪಿಪಿಎಂ. ಈಗ ಅರ್ಧ ನೀರು ತೆಗೆದು ಪಿಎಚ್ 8ರ ನೀರು ತುಂಬಿ. ಹಳೆ ನೀರಿನಲ್ಲಿ ಕೆಎಚ್ ಉಳಿದಿಲ್ಲವಾದ್ದರಿಂದ ಟ್ಯಾಂಕ್ ಹೊಸ ನೀರಿನ ಪಿಎಚ್ ಕಡೆಗೇ ವಾಲುತ್ತದೆ. ಪಿಎಚ್ 8ರಲ್ಲಿ ವಿಷರೂಪದ ಪಾಲು ಶೇ. 5.4. ಒಟ್ಟು ಅಮೋನಿಯಾ 2 ಪಿಪಿಎಂಗೆ ಇಳಿದಿದ್ದರೂ ವಿಷ 0.1 ಪಿಪಿಎಂ ದಾಟಿತು, ಮೊದಲಿದ್ದುದರ 40 ಪಟ್ಟಿಗಿಂತ ಹೆಚ್ಚು. ನೀರು ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಮೀನು ಕೆಂಪೇರಿದ ಕಿವಿರು ಬಿಟ್ಟುಕೊಂಡು ಒದ್ದಾಡುತ್ತಿರುತ್ತದೆ.

ಇಂಥ ಟ್ಯಾಂಕ್ ನಿಮ್ಮಲ್ಲಿದ್ದರೆ ಮೊದಲು ಹನಿ ಟೆಸ್ಟ್ ಕಿಟ್‌ನಲ್ಲಿ ಪಿಎಚ್ ಮತ್ತು ಅಮೋನಿಯಾ ನೋಡಿ. ಪಿಎಚ್ 6.5ಕ್ಕಿಂತ ಕಡಿಮೆ, ಅಮೋನಿಯಾ 1 ಪಿಪಿಎಂಗಿಂತ ಹೆಚ್ಚು ಬಂದರೆ ಅವಸರ ಬೇಡ. ಎರಡು ದಿನ ಆಹಾರ ನಿಲ್ಲಿಸಿ. ಅಮೋನಿಯಾ ಕಟ್ಟಿಹಾಕುವ ಕಂಡಿಷನರನ್ನು ಇಡೀ ಟ್ಯಾಂಕಿನ ಲೆಕ್ಕಕ್ಕೆ ಹಾಕಿ. ಆಮೇಲೆ ದಿನಕ್ಕೆ 3ರಿಂದ 4 ಲೀಟರ್ ಮಾತ್ರ, ಏರ್ ಪಂಪಿನ ಸಣ್ಣ ಪೈಪಿನಿಂದ ಹನಿಹನಿಯಾಗಿ ಬದಲಿಸುತ್ತಾ ಹತ್ತು ಹನ್ನೆರಡು ದಿನ ಸಾಗಿ. ಎರಡು ದಿನಕ್ಕೊಮ್ಮೆ ಅಳೆಯಿರಿ. ಅಮೋನಿಯಾ ಸೊನ್ನೆಗೆ ಬಂದ ಮೇಲೂ ಪಿಎಚ್ ನಿಲ್ಲದಿದ್ದರೆ ಅಡುಗೆ ಸೋಡಾ ನೆರವಾಗುತ್ತದೆ: 45 ಲೀಟರಿಗೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ, ದಿನಕ್ಕೆ ಕಾಲು ಚಮಚದಂತೆ ನಾಲ್ಕು ದಿನ ಕರಗಿಸಿ ಹಾಕಿ. ಅಮೋನಿಯಾ ಇರುವಾಗಲೇ ಸೋಡಾ ಹಾಕಿದರೆ ಮೇಲೆ ಹೇಳಿದ ಅನಾಹುತವನ್ನು ಕೈಯಾರೆ ತಂದಂತೆ.

ಫಿಲ್ಟರ್ ತೊಳೆದ ತಪ್ಪು

ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ಹಿಂಡುವುದು, ಜಲ್ಲಿ ತೆಗೆದು ಅಕ್ಕಿಯಂತೆ ತೊಳೆಯುವುದು, ಗಾಜನ್ನು ಉಜ್ಜಿ ಒಣಗಿಸುವುದು. ಮೂರನ್ನೂ ಒಂದೇ ದಿನ ಮಾಡಿದರೆ ಬ್ಯಾಕ್ಟೀರಿಯಾ ಉಳಿಯಲು ಜಾಗವೇ ಇರುವುದಿಲ್ಲ. ಮೂರನೇ ದಿನಕ್ಕೆ ಅಮೋನಿಯಾ, ವಾರದ ಹೊತ್ತಿಗೆ ನೈಟ್ರೈಟ್ ಏರುತ್ತದೆ. ನೈಟ್ರೈಟ್ ವಿಷದಲ್ಲಿ ಕಿವಿರು ಕೆಂಪಿನ ಬದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ಹಳೆ ನೀರಿನ ಬಕೆಟ್‌ನಲ್ಲಿ ನಾಲ್ಕೈದು ಸಲ ಮೆಲ್ಲಗೆ ಹಿಂಡಿ, ಅಷ್ಟೇ ಸಾಕು. ಕಂದು ಬಣ್ಣ ಉಳಿದರೆ ಉಳಿಯಲಿ. ನೀರು ಬದಲಿಸುವ ದಿನವೂ ಸ್ಪಂಜು ತೊಳೆಯುವ ದಿನವೂ ಬೇರೆಬೇರೆ ಇದ್ದರೆ ಇನ್ನೂ ಒಳ್ಳೆಯದು.

ನೀರು ಬದಲಿಸಿ ಫಿಲ್ಟರ್ ಸ್ವಿಚ್ ಹಾಕಲು ಮರೆಯುವುದೂ ಆಗುತ್ತದೆ. ಗಂಟೆಗಟ್ಟಲೆ ಮುಚ್ಚಿದ ಫಿಲ್ಟರ್‌ನೊಳಗೆ ಆಮ್ಲಜನಕ ಮುಗಿದು ನೀರು ಕೊಳೆಯುತ್ತದೆ. ಹಾಗೇ ಆನ್ ಮಾಡಿದರೆ ಆ ಕೊಳಕು ಟ್ಯಾಂಕಿಗೆ ಬರುತ್ತದೆ. ಕರೆಂಟ್ ಅರ್ಧ ದಿನ ಹೋಗಿದ್ದರೂ ಇದೇ ಮಾತು. ಮೊದಲು ಒಳಗಿನ ನೀರು ಚೆಲ್ಲಿ, ಸ್ಪಂಜು ಹಿಂಡಿ, ಆಮೇಲೆ ಚಾಲೂ ಮಾಡಿ.

ಎರಡು ಇಂಚಿಗಿಂತ ದಪ್ಪ ಜಲ್ಲಿ ಅಥವಾ ಮರಳನ್ನು ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಕೋರಿ, ಲೋಚ್‌ನಂಥ ತಳದ ಮೀನುಗಳಿಗೆ ಮೊದಲ ಪೆಟ್ಟು. ಕೆದಕುವುದು ನಿಲ್ಲಿಸಿ, ಏರ್ ಪಂಪ್ ಜೋರು ಮಾಡಿ. ಮುಂದೆ ಸಲಕ್ಕೆ ಕಾಲು ಭಾಗದಂತೆ ಸರದಿ ಮೇಲೆ ಸೈಫನ್ ಮಾಡಿ, ಅಂದರೆ ಪೈಪಿನಿಂದ ಕಸ ಎಳೆದು ತೆಗೆಯಿರಿ.

ಮೀನಿನ ಬಕೆಟ್ ಬೇರೆಯೇ ಇರಲಿ. ನೆಲ ಒರೆಸುವ ಫಿನಾಯಿಲ್, ಬಟ್ಟೆ ಪುಡಿ ಕಂಡ ಬಕೆಟ್ ಎಷ್ಟು ತೊಳೆದರೂ ನಂಬಿಕೆಗೆ ಯೋಗ್ಯವಲ್ಲ. ಮಾರ್ಕರ್‌ನಲ್ಲಿ "ಮೀನು" ಎಂದು ಬರೆದಿಡಿ, ಮನೆಕೆಲಸದವರಿಗೂ ಹೇಳಿ. ಕೈಗೆ ಸ್ಯಾನಿಟೈಸರ್, ಕ್ರೀಮ್ ಹಚ್ಚಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು ಕೈ ಹಾಕಿ.

ಬದಲಿಸುವ ಕ್ರಮ

ಹಿಂದಿನ ಸಂಜೆ ಡ್ರಮ್ ಅಥವಾ ಬಕೆಟ್‌ನಲ್ಲಿ 11ರಿಂದ 12 ಲೀಟರ್, ಅಂದರೆ ಟ್ಯಾಂಕಿನ ಕಾಲು ಭಾಗ, ತುಂಬಿ. ಥಯೋಸಲ್ಫೇಟ್ ದ್ರಾವಣ ಒಂದೂಕಾಲು ಮಿ.ಲೀ. ಹಾಕಿ, ಏರ್ ಸ್ಟೋನ್ ಬಿಟ್ಟು ಟ್ಯಾಂಕ್ ಇರುವ ಕೋಣೆಯಲ್ಲೇ ಇಡಿ. ಬೆಳಿಗ್ಗೆಗೆ ಎರಡೂ ನೀರಿನ ಉಷ್ಣತೆ ತಾನಾಗಿ ಹತ್ತಿರ ಬಂದಿರುತ್ತದೆ. ತಾರಸಿಯ ಕಪ್ಪು ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ ಕೈ ಸುಡುವಷ್ಟಿರುತ್ತದೆ, ಡಿಸೆಂಬರ್ ಬೆಳಿಗ್ಗೆ ಕೊರೆಯುತ್ತದೆ. ಅದನ್ನು ನೇರ ಸುರಿಯುವುದೇ ದೊಡ್ಡ ತಪ್ಪು. ಥರ್ಮಾಮೀಟರ್‌ನಲ್ಲಿ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪಿಎಚ್ ಅಂತರ ಅರ್ಧಕ್ಕಿಂತ ಹೆಚ್ಚಿದ್ದರೆ ಅವತ್ತು 4 ಲೀಟರಷ್ಟೇ ಬದಲಿಸಿ.

ಹೀಟರ್ ಸ್ವಿಚ್ ಮೊದಲು ಆರಿಸಿ, ಹತ್ತು ನಿಮಿಷ ಬಿಡಿ. ಬಿಸಿಯಿರುವಾಗ ನೀರು ಇಳಿದರೆ ಅದರ ಗಾಜು ಒಡೆಯುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ಮೀನನ್ನು ಹೊರಗೆ ತೆಗೆಯಬೇಡಿ. ಬಲೆ ಹಾಕಿ ಅಟ್ಟಾಡಿಸುವುದರಿಂದಲೇ ಅರ್ಧ ಶಕ್ತಿ ಹೋಗುತ್ತದೆ. ಸೈಫನ್ ಪೈಪಿನಿಂದ ತಳದ ಕಸ ಎಳೆದು ಹಳೆ ನೀರನ್ನು ಬೇರೆ ಬಕೆಟ್‌ಗೆ ಇಳಿಸಿ. ಆ ನೀರನ್ನು ಕೂಡಲೇ ಗಿಡಕ್ಕೆ ಸುರಿಯದೆ ಎರಡು ಗಂಟೆ ಇಟ್ಟುಕೊಂಡಿರಿ. ಹೊಸ ನೀರಿನಲ್ಲಿ ಏನಾದರೂ ಎಡವಟ್ಟಾದರೆ ಮೀನಿಗೆ ಗೊತ್ತಿರುವ ನೀರು ಮನೆಯಲ್ಲಿ ಅದೊಂದೇ.

ಹೊಸ ನೀರನ್ನು ವಾಲ್ವ್ ಇರುವ ಸಣ್ಣ ಪೈಪಿನಿಂದ ಇಳಿಬಿಡಿ. 12 ಲೀಟರ್ ತುಂಬಲು ಅರ್ಧ ಗಂಟೆ ಹಿಡಿಯಲಿ. ಸೀಗಡಿ, ಡಿಸ್ಕಸ್ ಇದ್ದರೆ ಒಂದು ಗಂಟೆ. ತುಂಬಿದ ಮೇಲೆ ಫಿಲ್ಟರ್, ಹೀಟರ್ ಹಾಕಿ, ಫಿಲ್ಟರ್‌ನಿಂದ ನೀರು ಬರುತ್ತಿದೆಯೇ ಎಂದು ಕಣ್ಣಾರೆ ನೋಡಿ. ಅರ್ಧ ಗಂಟೆ ಅಲ್ಲೇ ಇರಿ. ಊರಿಗೆ ಹೊರಡುವ ಮುನ್ನ, ರಾತ್ರಿ ಮಲಗುವ ಮುನ್ನ ನೀರು ಬದಲಿಸುವ ಕೆಲಸ ಬೇಡವೇ ಬೇಡ.

ಮೀನು ಒದ್ದಾಡತೊಡಗಿದರೆ

ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದೇ ನಲ್ಲಿಯಿಂದ ಮತ್ತೆ ನೀರು ಬದಲಿಸುವುದು. ಅದರಿಂದ ಉಳಿದ ಮೀನೂ ಹೋಗುತ್ತದೆ. ಮೊದಲು ಏರ್ ಪಂಪ್ ಪೂರ್ತಿ ಜೋರು ಮಾಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಹಿಡಿದಿಡುವ ಆಮ್ಲಜನಕ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ, ಕಿವಿರು ಸುಟ್ಟ ಮೀನಿಗೆ ಆ ಕೊರತೆಯೂ ದೊಡ್ಡದೇ. ಥಯೋಸಲ್ಫೇಟ್ ದ್ರಾವಣ ಇಡೀ ಟ್ಯಾಂಕಿಗೆ 4.5 ಮಿ.ಲೀ. ಹಾಕಿ. ಕ್ಲೋರಿನ್ ಕಾರಣವಲ್ಲದಿದ್ದರೂ ಇಷ್ಟರಿಂದ ಕೆಡುಕಾಗದು. ಥರ್ಮಾಮೀಟರ್ ನೋಡಿ, ಅಮೋನಿಯಾ ಮತ್ತು ಪಿಎಚ್ ಅಳೆಯಿರಿ. ಅಮೋನಿಯಾ ಇದ್ದರೆ ಕಂಡಿಷನರ್ ಹಾಕಿ, ಆಹಾರ ನಿಲ್ಲಿಸಿ. ಸೋಪು, ಫಿನಾಯಿಲ್ ಅನುಮಾನವಿದ್ದರೆ ಮಾತ್ರ ಮೀನನ್ನು ಎತ್ತಿ, ಆ ಎತ್ತಿಟ್ಟ ಹಳೆ ನೀರಿನ ಬಕೆಟ್‌ಗೆ ಏರ್ ಸ್ಟೋನ್ ಸಮೇತ ಬಿಡಿ, ಟ್ಯಾಂಕಿನ ಫಿಲ್ಟರ್‌ಗೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ. ಕಿವಿರು ಕಂದಾಗಿದ್ದು ನೈಟ್ರೈಟ್ ಕಂಡರೆ 45 ಲೀಟರಿಗೆ 10 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ; ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ.

ಸತ್ತ ಮೀನನ್ನು ಆ ಕೂಡಲೇ ತೆಗೆಯಿರಿ. ಟ್ಯಾಂಕಿನ ನೀರೂ ನಲ್ಲಿಯ ನೀರೂ ಒಂದೊಂದು ಬಾಟಲಿ ಹಿಡಿದಿಡಿ, ಬಕೆಟ್ ಚೆಲ್ಲಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಆಮೇಲೆ ಏಳು ದಿನ ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ನೋಡಿ. ಎರಡರಲ್ಲಿ ಯಾವುದಾದರೂ ಕಂಡ ದಿನ ಹದಗೊಳಿಸಿದ ನೀರಿನಿಂದ 4 ಲೀಟರ್ ಬದಲಿಸಿ, ಎರಡೂ ಸತತ ಮೂರು ದಿನ ಸೊನ್ನೆ ತೋರಿಸಿದ ಮೇಲೆ ಮತ್ತೆ ಕಾಲು ಭಾಗದ ಲೆಕ್ಕಕ್ಕೆ ಮರಳಿ. ಹೊಸ ಮೀನು ತರುವುದಿದ್ದರೆ ಅದಾಗಿ ಇನ್ನೂ ಎರಡು ವಾರ ಕಳೆಯಲಿ.